ಮುಂದಿನ ಕಥೆ ಯಾರು ಬರೀಬೇಕು ಅಂತ ಜಗಳಕ್ಕೆ ಕೂತವರಿಗೆ

ತಮ್ಮಾ, ತಂಗೀ, ನಿಮ್ಮ ಜಗಳ ಕೇಳಿ ನನಗೆ ಸಿಟ್ಟು ಬಂದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ನಾಲ್ಕು ಮಂದಿ ಕೂಡಿದರೆ ಕಬ್ಬಿನ ಬಿಲ್ಲು, ಕೃಷ್ಣಾ ನದಿಯ ಮಹಾಪೂರ, ಗಡಿ ತಂಟೆ, ಇಲೆಕ್ಷನ್ನು, ಇಷ್ಟರಲ್ಲೇ ಮಾತು ಗಿರಕಿ ಹೊಡೆಯುತ್ತದೆ. ಅಂಥಾದ್ದರಲ್ಲಿ ಒಂದು ಕಥೆಯನ್ನು ಮುಂದೆ ಯಾರು ಬರೆಯಬೇಕು ಎಂಬುದಕ್ಕೆ ನೀವು ಚಾ ಆರಿ ಹೋಗುವ ತನಕ ವಾದ ಮಾಡಿದಿರಿ ಅಂದರೆ, ಸಾಲಿ ಮಾಸ್ತರಿಕೆ ಮುಗಿಸಿ ಮನೆಯಲ್ಲಿ ಕೂತ ನಿಮ್ಮ ಕಾಕಾನಿಗೆ ಒಳಗೊಳಗೇ ಹಿಗ್ಗು. ಕಡೆಕಡೆಗೆ ಮಾತ್ರ ಮಾತು ಹಳಿ ತಪ್ಪಿತು. 'ಅವನ ಹೆಸರ ಎತ್ತಬ್ಯಾಡ', 'ನಿನಗೇನ ತಿಳೀತದ' ಅನ್ನುವ ಮಟ್ಟಕ್ಕೆ ಬಂತು. ಆ ಹೊತ್ತಿಗೆ ನಾನು ಬಾಯಿ ಹಾಕಲಿಲ್ಲ. ಈಗ ಹೇಳುತ್ತೇನೆ, ಸಮಾಧಾನದಿಂದ ಕೇಳಿ.

ಜಗಳದ ಮೂಲ ಬ್ರಿಟನ್ನಿನ ಬಿಬಿಸಿಯ 'ಡಾಕ್ಟರ್ ಹೂ'. 1963ರ ನವೆಂಬರ್ 23ರಂದು ಶುರುವಾದ ಧಾರಾವಾಹಿ. ಹೊರಗಿನಿಂದ ನೋಡಿದರೆ ಪೊಲೀಸರ ನೀಲಿ ಡಬ್ಬಿ, ಒಳಗೆ ಹೋದರೆ ಅರಮನೆಯಷ್ಟು ದೊಡ್ಡದು. ಅದರಲ್ಲಿ ಕೂತು ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಒಬ್ಬ ಡಾಕ್ಟರ್. 1966ರಲ್ಲಿ ಮೊದಲ ನಟ ವಿಲಿಯಂ ಹಾರ್ಟ್‌ನೆಲ್ ಆರೋಗ್ಯ ಕೆಟ್ಟಾಗ, ಡಾಕ್ಟರನ ಮೈ ಮುಖ ಎರಡೂ ಬದಲಾಗುತ್ತವೆ ಎಂಬ ಯುಕ್ತಿ ಹುಡುಕಿ ಕಥೆಯನ್ನು ಉಳಿಸಿಕೊಂಡರು. 1989ರಲ್ಲಿ ನಿಂತಿತು, 2005ರಲ್ಲಿ ಎದ್ದಿತು. 2025ರಲ್ಲಿ ಡಿಸ್ನಿಯವರ ಜೊತೆಗಿನ ಪಾಲುದಾರಿಕೆ ಮುಗಿಯಿತು ಎಂಬ ಸುದ್ದಿ ಬಂದದ್ದೇ ತಡ, ಲಂಡನ್ನಿನಿಂದ ಹಿಡಿದು ನಮ್ಮ ಚಿಕ್ಕೋಡಿಯ ತನಕ ಅಭಿಮಾನಿಗಳಿಗೆಲ್ಲ ಒಂದೇ ಪ್ರಶ್ನೆ: ಇನ್ನು ಮುಂದೆ ಯಾರು ಬರೀಬೇಕು?

ನಿಪ್ಪಾಣಿಯ ತಂಗಿ ಹೇಳಿದಳು, 2005ರಲ್ಲಿ ಸರಣಿಯನ್ನು ಎಬ್ಬಿಸಿ ನಿಲ್ಲಿಸಿದ ರಸೆಲ್ ಟಿ. ಡೇವಿಸ್ ಬಿಟ್ಟು ಬೇರೆ ಯಾರೂ ಬೇಡ. ರಾಯಬಾಗದವ ಅಂದ, ಚಿಕ್ಕಂದಿನಿಂದ ನೋಡಿದ ಅಭಿಮಾನಿಯೇ ಬೇಕು, ಹೊರಗಿನವರಿಗೆ ಅದರ ಹದ ಗೊತ್ತಾಗುವುದಿಲ್ಲ. ಅಥಣಿಯವ ಇಂಜಿನಿಯರಿಂಗ್ ಓದುವ ಹುಡುಗ; ವಿಜ್ಞಾನ ಗೊತ್ತಿದ್ದವ ಬರೆಯದಿದ್ದರೆ ಅದು ಬರೀ ಮಾಟಮಂತ್ರ ಆಗುತ್ತದೆ ಎಂದು ಪಟ್ಟು ಹಿಡಿದ. ಕಾಗವಾಡದವ ಎಲ್ಲರನ್ನೂ ಒಂದೇ ಮಾತಿಗೆ ಹೊಡೆದು ಹಾಕಿದ: ಹಳಬರೆಲ್ಲ ಸಾಕು, ಹೊಸ ನೆಲದಿಂದ ಹೊಸಬರು ಬರಲಿ.

ನಾಲ್ವರ ಮಾತಿನಲ್ಲೂ ಹುರುಳಿದೆ. ಆದರೆ ನಾಲ್ವರೂ ಹೆಸರನ್ನೋ ಜಾತಕವನ್ನೋ ಮುಂದಿಟ್ಟಿರಿ. ಯಾವ ಕೆಲಸಕ್ಕೆ ಆಳು ಹುಡುಕುತ್ತಿದ್ದೀರಿ ಅನ್ನುವುದನ್ನು ಒಬ್ಬರೂ ಕೇಳಲಿಲ್ಲ. ಇಂಥ ಸರಣಿಯಲ್ಲಿ 'ಬರೆಯುವವ' ಎಂದರೆ ಒಬ್ಬನಲ್ಲ. ಒಂದು ಕಂತಿನ ಕಥೆ ಬರೆದುಕೊಟ್ಟು ಹೋಗುವವನೇ ಬೇರೆ. ಇಡೀ ವರ್ಷದ ಕಥೆಗಳನ್ನು ಆರಿಸಿ, ತಿದ್ದಿ, ಒಂದರ ಬಾಲ ಇನ್ನೊಂದರ ತಲೆಗೆ ಹೊಂದಿಸಿ, ನಟರ ತಾರೀಖು, ರೊಕ್ಕ, ಬಿಬಿಸಿಯ ದೊಡ್ಡವರ ಮುನಿಸು ಎಲ್ಲ ತೂಗಿಸಿಕೊಂಡು ಹೋಗುವವ ಬೇರೆ. ಹಳೆ ಕಾಲದಲ್ಲಿ ಈ ಎರಡನೆಯ ಕೆಲಸವನ್ನು ನಿರ್ಮಾಪಕರು ಮತ್ತು ಕಥಾ ಸಂಪಾದಕರು ಹಂಚಿಕೊಳ್ಳುತ್ತಿದ್ದರು. 2005ರ ನಂತರ ಅದು ಹೆಚ್ಚುಕಡಿಮೆ ಒಬ್ಬನ ಹೆಗಲಿಗೇ ಬಂತು. ಡೇವಿಸ್ ಆಗ ಬೇರೆಯವರ ಎಷ್ಟೋ ಕಂತುಗಳನ್ನು ರಾತ್ರಿಯೆಲ್ಲ ಕೂತು ತಾನೇ ತಿದ್ದಿ ಬರೆಯುತ್ತಿದ್ದ. ಪರದೆಯ ಮೇಲೆ ಅವನ ಹೆಸರು ಬರುತ್ತಿರಲಿಲ್ಲ, ಅಷ್ಟೇ.

ಈ ಭೇದ ತಿಳಿಯದೆ ವಾದಕ್ಕೆ ನಿಂತರೆ ಏನಾಗುತ್ತದೆ ನೋಡಿ. ಸ್ಟೀವನ್ ಮೊಫಾಟ್ ಡೇವಿಸನ ಕೈಕೆಳಗೆ ವರ್ಷಕ್ಕೊಂದು ಕಥೆ ಬರೆಯುತ್ತಿದ್ದಾಗ ಅಭಿಮಾನಿಗಳು ಅವನನ್ನು ತಲೆ ಮೇಲೆ ಹೊತ್ತು ಕುಣಿದರು. 2007ರ 'ಬ್ಲಿಂಕ್' ಕಂತನ್ನು ನೀವೂ ನೋಡಿದ್ದೀರಿ. ಕಣ್ಣು ಮಿಟುಕಿಸಿದರೆ ಮೇಲೇರಿ ಬರುವ ಕಲ್ಲಿನ ಮೂರ್ತಿಗಳು. ಅದರಲ್ಲಿ ಡಾಕ್ಟರ್ ಕಾಣುವುದೇ ಅಪರೂಪ. ಆದರೂ ಅಷ್ಟು ಬಿಗಿಯಾದ ಕಥೆ ಆ ಸರಣಿಯಲ್ಲಿ ಕೆಲವೇ. 2010ರಿಂದ 2017ರ ತನಕ ಅದೇ ಮೊಫಾಟ್ ಇಡೀ ಸರಣಿಯ ಹೊಣೆ ಹೊತ್ತ. ಆಗ ಅದೇ ಅಭಿಮಾನಿಗಳಲ್ಲಿ ಅರ್ಧಕ್ಕರ್ಧ ಮಂದಿ, ಎಳೆಗೆ ಎಳೆ ಸಿಕ್ಕಾಗಿದೆ, ಒಗಟು ಬಿಡಿಸೋಕೆ ಮೂರು ವರ್ಷ ಕಾಯಬೇಕು ಎಂದು ಗೊಣಗತೊಡಗಿದರು. ಮನುಷ್ಯ ಅವನೇ, ಕೈ ಅದೇ. ಬದಲಾದದ್ದು ಕೆಲಸ. ನನಗೆ ಅವನ ಮೊದಲೆರಡು ವರ್ಷ ಬಹಳ ಹಿಡಿಸಿದವು. ಅದು ನನ್ನ ರುಚಿ, ನಿಮ್ಮನ್ನು ಒಪ್ಪಿಸಲು ಹೊರಟಿಲ್ಲ.

ಇದೇನು ಬಿಳಿಯರ ನಾಡಿನ ಹೊಸ ಸಂಗತಿ ಅಂದುಕೊಳ್ಳಬೇಡಿ. ರಾಯಬಾಗದಿಂದ ಮೂಡಣಕ್ಕೆ ಹೋದರೆ ಮುಧೋಳ ಎಷ್ಟು ದೂರ? ಅಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ, ಹತ್ತನೆಯ ಶತಮಾನದಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿದವ. ಅವನಿಗಿಂತ ಮುಂಚೆ, ಕ್ರಿ.ಶ. 941ರ ಸುಮಾರಿಗೆ ಪಂಪ ಇಡೀ ಭಾರತವನ್ನು ಕನ್ನಡದಲ್ಲಿ ಹೇಳಿ ಮುಗಿಸಿದ್ದ. ಅದೂ ತನ್ನ ರಾಜ ಅರಿಕೇಸರಿಯನ್ನು ಅರ್ಜುನನಿಗೆ ಸಮ ಮಾಡಿ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿ. ಮೂಲವನ್ನೇ ಬದಲಿಸಿದ ಎಂದು ಆ ಕಾಲದ ರಸಿಕರು ಹಲ್ಲು ಕಡಿದಿರಬೇಕು. ನಿಮ್ಮಂಥವರು ಆಗಲೂ ಇದ್ದೇ ಇದ್ದರು. ಇಷ್ಟೆಲ್ಲ ಆದ ಮೇಲೆ ರನ್ನನಿಗೆ ಉಳಿದದ್ದೇನು? ಅವನು ಪಂಪನ ಕಾವ್ಯದ ಹದಿಮೂರನೆಯ ಆಶ್ವಾಸದ ವಸ್ತುವನ್ನು, ಭೀಮ ದುರ್ಯೋಧನರ ಗದೆಯ ಕಾಳಗವನ್ನು, ಕೈಗೆತ್ತಿಕೊಂಡ. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಒಂದೇ ಕಂತು. ಆ ಒಂದು ಕಂತಿನೊಳಗೆ ನಿಂತು, ಸಿಂಹ ಹಿಂದಿರುಗಿ ನೋಡುವ ಹಾಗೆ ನಡೆದುಹೋದ ಇಡೀ ಭಾರತವನ್ನು ತಿರುಗಿ ನೋಡಿದ. ಹೆಣಗಳ ನಡುವೆ ಹೆಜ್ಜೆ ಇಡುತ್ತ ಹೋಗುವ ದುರ್ಯೋಧನ, ಸತ್ತು ಬಿದ್ದ ಕರ್ಣನನ್ನು, ತಮ್ಮನನ್ನು ನೋಡಿ ಮರುಗುವ ದುರ್ಯೋಧನ, ನಮಗೆ ಬೇಡ ಬೇಡವೆಂದರೂ ಹತ್ತಿರದವನಾಗುತ್ತಾನೆ. ನಾಯಕ ಮಾತ್ರ ಭೀಮ, ಯಾಕೆಂದರೆ ರನ್ನನ ಒಡೆಯ ಸತ್ಯಾಶ್ರಯ ಆ ಕಾವ್ಯದಲ್ಲಿ ಭೀಮ.

ಪಂಪ ದೊಡ್ಡವನೋ ರನ್ನ ದೊಡ್ಡವನೋ ಎಂದು ಸಾಲಿಯಲ್ಲಿ ನಮಗೆ ಪ್ರಬಂಧ ಬರೆಸುತ್ತಿದ್ದರು. ಹುಸಿ ಪ್ರಶ್ನೆ. ಇಡೀ ಕಥೆಯನ್ನು ಒಂದು ಸೂತ್ರದಲ್ಲಿ ಹಿಡಿಯುವುದು ಪಂಪನಿಗೆ ದಕ್ಕಿದ ಕೆಲಸ. ಒಂದು ಗಳಿಗೆಯನ್ನು ಹಿಡಿದು ಅದರಲ್ಲೇ ಎಲ್ಲವನ್ನೂ ತುಂಬುವುದು ರನ್ನನಿಗೆ ದಕ್ಕಿದ್ದು. ರನ್ನನ ಕೈಗೆ ಇಡೀ ಭಾರತ ಕೊಟ್ಟಿದ್ದರೆ ಅವನು ಹೇಗೆ ಹೇಳುತ್ತಿದ್ದನೋ, ಯಾರಿಗೆ ಗೊತ್ತು? ಅಷ್ಟು ಲೆಕ್ಕ ಹಾಕಿ ಮಾತಾಡಿದರೆ ನಿಮ್ಮ ಅರ್ಧ ಜಗಳ ಅಲ್ಲೇ ಕರಗುತ್ತದೆ.

ಇನ್ನೂ ಹತ್ತಿರದ್ದು ಬೇಕೆ? ರಾಯಬಾಗದ ತಮ್ಮಾ, ನಿಮ್ಮ ಅಜ್ಜನ ಓರಿಗೆಯವರಿಗೆ ಶ್ರೀಕೃಷ್ಣ ಪಾರಿಜಾತ ಅಂದರೆ ಊಟ ನಿದ್ದೆ ಬಿಟ್ಟು ನೋಡುವ ಆಟ. ಅಪರಾಳದ ತಮ್ಮಣ್ಣ ಬರೆದದ್ದನ್ನು ಕುಲಗೋಡದ ತಮ್ಮಣ್ಣ ರಂಗಕ್ಕೆ ತಕ್ಕಂತೆ ಹೊಂದಿಸಿಕೊಂಡ. ಕುಲಗೋಡ ಈಗ ಮೂಡಲಗಿ ತಾಲ್ಲೂಕು, ನಿಮ್ಮ ನೆರೆಯೇ. ಬರೆದವನೊಬ್ಬ, ಆಡುವಂತೆ ಮಾಡಿದವನೊಬ್ಬ, ಇಬ್ಬರ ಹೆಸರೂ ತಮ್ಮಣ್ಣ. ಇದು ದೇವರು ಮಾಡಿದ ಚೇಷ್ಟೆ ಇರಬೇಕು. ಆಮೇಲೆ ಮೇಳದಿಂದ ಮೇಳಕ್ಕೆ, ಊರಿಂದ ಊರಿಗೆ ಭಾಗವತನ ಮಾತು, ಗೊಲ್ಲತಿಯ ಮಾತು ಬದಲಾಗುತ್ತ ಹೋದವು. ಕೌಜಲಗಿ ನಿಂಗಮ್ಮನ ಹೆಸರು ಕೇಳಿದ್ದೀರಲ್ಲ, ಪಾರಿಜಾತ ಅಂದರೆ ಆಕೆ ಎನ್ನುವಷ್ಟು ಹೆಸರಾದ ಹೆಣ್ಣುಮಗಳು. ಕಣದ ಮೇಲೆ ಕೂತು ನೋಡುತ್ತಿದ್ದವರು ಮೂಲ ಪ್ರತಿ ಎಲ್ಲಿದೆ ಎಂದು ಕೇಳಲಿಲ್ಲ. ಸತ್ಯಭಾಮೆಯ ಸೊಕ್ಕು ಸೊಕ್ಕಿನ ಹಾಗೆ ಕಾಣುತ್ತಿದೆಯೋ ಇಲ್ಲವೋ, ಅದನ್ನು ನೋಡಿದರು. ಕಾಣದಿದ್ದರೆ ಎದ್ದು ಹೋದರು.

ಅಥಣಿಯ ತಮ್ಮಾ, ಈಗ ನಿನ್ನ ಮಾತು. ವಿಜ್ಞಾನಿಯೇ ಬರೆಯಬೇಕು ಅಂದೆ. ಅದಕ್ಕೆ ನಿನಗೆ ಬಲವಾದ ಸಾಕ್ಷಿಯೂ ಉಂಟು, ನೀನು ಹುಡುಕಲಿಲ್ಲ. ಕಿಟ್ ಪೆಡ್ಲರ್ ಎಂಬಾತ ಲಂಡನ್ ವಿಶ್ವವಿದ್ಯಾಲಯದಲ್ಲಿ ಕಣ್ಣಿನ ಸಂಶೋಧನೆ ಮಾಡುತ್ತಿದ್ದ ವೈದ್ಯ ವಿಜ್ಞಾನಿ. 1966ರಲ್ಲಿ ಅವನ ತಲೆಯಲ್ಲಿ ಒಂದು ಹೆದರಿಕೆ ಇತ್ತು: ಕೆಟ್ಟ ಅಂಗ ತೆಗೆದು ಯಂತ್ರದ ಅಂಗ ಕೂಡಿಸುತ್ತ ಹೋದರೆ, ಯಾವ ಹಂತದಲ್ಲಿ ಮನುಷ್ಯ ಮನುಷ್ಯನಾಗಿ ಉಳಿಯುವುದಿಲ್ಲ? ಆ ಹೆದರಿಕೆಯಿಂದಲೇ ಸೈಬರ್‌ಮನ್ ಹುಟ್ಟಿದರು. ಇವತ್ತಿಗೂ ಸರಣಿಯಲ್ಲಿ ಓಡಾಡುತ್ತಿದ್ದಾರೆ. ಆದರೆ ಪೆಡ್ಲರ್ ಒಬ್ಬನೇ ಬರೆಯಲಿಲ್ಲ. ಕಥಾ ಸಂಪಾದಕ ಜೆರ್ರಿ ಡೇವಿಸ್ ಜೊತೆಗಿದ್ದ. ಹೆದರಿಕೆ ವಿಜ್ಞಾನಿಯದು, ಅದನ್ನು ಸಂಭಾಷಣೆ, ಬಾಗಿಲು, ಹಿಮ, ಕಾಲ ಮೀರುತ್ತಿರುವ ಗಡಿಯಾರ ಇವುಗಳಲ್ಲಿ ಇಳಿಸಿದ್ದು ಕಸುಬಿನವನ ಕೈ. ಅದಕ್ಕೂ ಐದು ವರ್ಷ ಮುಂಚೆ, 1961ರಲ್ಲಿ, ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಬಿಬಿಸಿಗೆ 'ಎ ಫಾರ್ ಆಂಡ್ರೋಮಿಡಾ' ಕೊಟ್ಟಾಗಲೂ ಜಾನ್ ಎಲಿಯಟ್ ಎಂಬ ಬರಹಗಾರ ಜೊತೆಗೆ ಕೂತಿದ್ದ.

ಫ್ರೆಡ್ ಹಾಯ್ಲ್ ಹೆಸರು ಬಂದದ್ದಕ್ಕೆ ನಿಪ್ಪಾಣಿಯ ತಂಗಿಯ ಕಿವಿ ನೆಟ್ಟಗಾಗಿರಬೇಕು. ಅವನ ಶಿಷ್ಯ ಜಯಂತ ನಾರಳೀಕರರು. 1938ರಲ್ಲಿ ಹುಟ್ಟಿದ್ದು ಕೊಲ್ಹಾಪುರದಲ್ಲಿ. ನಿಮ್ಮ ಊರಿನ ಮಂದಿ ಸಂತೆಗೆ, ದವಾಖಾನೆಗೆ ಹೋಗಿ ಸಂಜೆಗೆ ಮರಳುವ ಊರು. ನಾರಳೀಕರರು ಕೇಂಬ್ರಿಜ್ಜಿನಲ್ಲಿ ಹೆಸರು ಮಾಡಿ ಮುಂಬೈಗೆ ಬಂದವರು, ಆಗಲೇ ದೇಶಕ್ಕೆಲ್ಲ ಗೊತ್ತಿದ್ದವರು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ವಿಜ್ಞಾನ ಕಥೆಗಳ ಸ್ಪರ್ಧೆ ಇಟ್ಟಿತು. ಅವರು 'ಕೃಷ್ಣವಿವರ' ಎಂಬ ಕಥೆ ಬರೆದರು. ತಮ್ಮ ಹೆಸರಿನಲ್ಲಿ ಕಳಿಸಲಿಲ್ಲ. ಇಂಗ್ಲಿಷಿನಲ್ಲಿ ತಮ್ಮ ಹೆಸರಿನ ಮೊದಲಕ್ಷರಗಳನ್ನು ಹಿಂದುಮುಂದು ಮಾಡಿ 'ನಾರಾಯಣ ವಿನಾಯಕ ಜಗತಾಪ' ಎಂಬ ಹೆಸರು ಕಟ್ಟಿದರು. ಕೈಬರಹ ಗುರುತು ಹಿಡಿದಾರು ಎಂದು ಹೆಂಡತಿ ಮಂಗಲಾ ಅವರಿಂದ ನಕಲು ಮಾಡಿಸಿದರು. ಮೊದಲ ಬಹುಮಾನ ಅದಕ್ಕೇ ಬಂತು. ಹೆಸರಿನ ತೂಕ ಇಲ್ಲದೆ ಕಥೆ ನಿಲ್ಲುತ್ತದೆಯೋ ಬೀಳುತ್ತದೆಯೋ ನೋಡಬೇಕು ಎಂಬ ಹಟ ಅದು. ಅಷ್ಟು ದೊಡ್ಡ ವಿಜ್ಞಾನಿ ತನಗೆ ತಾನೇ ಆ ಪರೀಕ್ಷೆ ಒಡ್ಡಿಕೊಂಡ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವಿಜ್ಞಾನ ಕಥೆಗಳಿಗೆ ದಾರಿ ಕಡಿದರಲ್ಲ, ಅವರನ್ನು ಓದುವಾಗಲೂ ಹೆಸರನ್ನು ಕೈಯಿಂದ ಮುಚ್ಚಿ ಓದಿ ನೋಡು. ವಿಜ್ಞಾನ ಸರಿಯಿದೆಯೋ ಎಂಬುದರ ಜೊತೆಗೆ, ಪುಟ ತಿರುಗಿಸಬೇಕು ಅನಿಸುತ್ತದೆಯೋ ಎಂದೂ ಕೇಳಿಕೋ.

ಹೆಸರಿನ ವಿಷಯಕ್ಕೇ ಬಂದರೆ ಒಂದು ತಮಾಷೆ ಹೇಳಬೇಕು. 1979ರ 'ಸಿಟಿ ಆಫ್ ಡೆತ್' ಕಥೆಯನ್ನು ಹಳೆ ಅಭಿಮಾನಿಗಳು ಇಂದಿಗೂ ಮೇಲಿನ ಸಾಲಿನಲ್ಲಿ ಕೂಡಿಸುತ್ತಾರೆ. ಅದರ ಮೇಲೆ ಬರೆದವರ ಹೆಸರು ಡೇವಿಡ್ ಆಗ್ನ್ಯೂ. ಅಂಥ ಮನುಷ್ಯನೇ ಇರಲಿಲ್ಲ. ಡೇವಿಡ್ ಫಿಶರ್ ಕೊಟ್ಟ ಕಲ್ಪನೆಯನ್ನು ಹಿಡಿದು ಕಥಾ ಸಂಪಾದಕ ಡಗ್ಲಸ್ ಆಡಮ್ಸ್ ಮತ್ತು ನಿರ್ಮಾಪಕ ಗ್ರಹಾಂ ವಿಲಿಯಮ್ಸ್ ಗಡಿಬಿಡಿಯಲ್ಲಿ ಬರೆದು, ಬಿಬಿಸಿಯಲ್ಲಿ ಬಳಕೆಯಲ್ಲಿದ್ದ ಸುಳ್ಳು ಹೆಸರು ಅಂಟಿಸಿದರು. ಆ ವರ್ಷ ನಿಮ್ಮಂಥ ನಾಲ್ವರು ಕೂತು 'ಇನ್ನ ಮ್ಯಾಲ ಎಲ್ಲಾ ಕಥಿ ಆಗ್ನ್ಯೂನ ಬರೀಬೇಕ' ಎಂದು ಜಗಳಾಡಿದ್ದರೆ?

ಅಭಿಮಾನಿಯೇ ಬರೆಯಬೇಕು ಅಂದ ರಾಯಬಾಗದ ತಮ್ಮಾ, ನಿನಗೆ ಹೇಳುವುದು ಸ್ವಲ್ಪ ಹೆಚ್ಚಿದೆ. ಯಾಕೆಂದರೆ ನಿನ್ನ ಮಾತು ಅರ್ಧ ಖರೇ, ಅರ್ಧ ಅಪಾಯ.

ಖರೇ ಅನ್ನುವುದಕ್ಕೆ ಆಂಡ್ರ್ಯೂ ಸ್ಮಿತ್ ಸಾಕ್ಷಿ. ಹದಿಹರೆಯದ ಅಭಿಮಾನಿ, ಕಥೆಗಳನ್ನು ಕಳಿಸುತ್ತಲೇ ಇದ್ದ. 1980ರಲ್ಲಿ ಅವನ 'ಫುಲ್ ಸರ್ಕಲ್' ಪ್ರಸಾರವಾದಾಗ ಅವನಿಗೆ ಹದಿನೆಂಟು. ಮುಂದೆ ಅವನು ಪೊಲೀಸ್ ಇಲಾಖೆ ಸೇರಿದ, ಅದು ಬೇರೆ ಮಾತು. ಟಿವಿಯಲ್ಲಿ ಸರಣಿ ನಿಂತಿದ್ದ ವರ್ಷಗಳಲ್ಲಿ, 1991ರಿಂದ, ವರ್ಜಿನ್ ಪ್ರಕಾಶನ ಡಾಕ್ಟರನ ಹೊಸ ಕಾದಂಬರಿಗಳನ್ನು ತಂದಿತು. ಹೊಸಬರ ಹಸ್ತಪ್ರತಿಗಳನ್ನು ಓದುತ್ತೇವೆ ಎಂದು ಬಾಗಿಲು ತೆರೆಯಿತು. ಆ ಬಾಗಿಲಿನಿಂದ ಒಳಗೆ ಬಂದವರಲ್ಲಿ ಪಾಲ್ ಕಾರ್ನೆಲ್ ಒಬ್ಬ. 1995ರಲ್ಲಿ ಅವನು ಬರೆದ 'ಹ್ಯೂಮನ್ ನೇಚರ್' 2007ರಲ್ಲಿ ಟಿವಿಗೂ ಬಂತು. ಡೇವಿಸ್ ಕೂಡ 1996ರಲ್ಲಿ ಅಲ್ಲೊಂದು ಕಾದಂಬರಿ ಬರೆದವನೇ. ಟಿವಿಯವರು ಕೈಬಿಟ್ಟ ಕಥೆಯನ್ನು ಅಷ್ಟು ವರ್ಷ ಉಸಿರಾಡಿಸಿದವರು ಅಭಿಮಾನಿಗಳು. ಅದನ್ನು ಯಾರೂ ಅಲ್ಲಗಳೆಯಲಾರರು.

ಅಪಾಯ ಎಲ್ಲಿದೆ ಅಂದರೆ, ಕ್ರಿಸ್ ಚಿಬ್ನಲ್‌ನ ಕಥೆಯಲ್ಲಿ. 1986ರಲ್ಲಿ ಹದಿನಾರರ ಈ ಹುಡುಗ ಅಭಿಮಾನಿ ಸಂಘದ ಪರವಾಗಿ ಬಿಬಿಸಿಯ 'ಓಪನ್ ಏರ್' ಕಾರ್ಯಕ್ರಮದಲ್ಲಿ ಕಾಣಿಸಿಕೊಂಡ. ಆ ವರ್ಷದ ಕೆಲವು ಕಂತುಗಳನ್ನು ಬರೆದ ಪಿಪ್ ಮತ್ತು ಜೇನ್ ಬೇಕರ್ ದಂಪತಿ ಎದುರಿಗೇ ಇದ್ದರು. ಬರವಣಿಗೆಯೇ ಸಪ್ಪೆ, ಹಳೆಯ ಸವಕಲು ಸರಕು ಎಂದು ಹುಡುಗ ನೇರವಾಗಿ ಹೇಳಿದ. ಬೇಕರ್ ದಂಪತಿ ಮುಖ ಸಣ್ಣದು ಮಾಡಿಕೊಳ್ಳದೆ ಉತ್ತರ ಕೊಟ್ಟರು. ಕಾಲಚಕ್ರ ತಿರುಗಿತು. 2018ರಲ್ಲಿ ಅದೇ ಚಿಬ್ನಲ್ ಇಡೀ ಸರಣಿಯ ಸೂತ್ರ ಹಿಡಿದ. 2020ರಲ್ಲಿ, ಡಾಕ್ಟರನ ಹುಟ್ಟಿನ ಕಥೆ ನಾವು ಅಂದುಕೊಂಡದ್ದಲ್ಲ, ನಮಗೆ ಗೊತ್ತಿಲ್ಲದ ಜನ್ಮಗಳು ಹಿಂದೆ ಆಗಿಹೋಗಿವೆ ಎಂದು ಬರೆದ. ಅಷ್ಟು ಸಾಕಾಯಿತು. ಹುಡುಗನಾಗಿದ್ದಾಗ ಅವನು ಆಡಿದ ಮಾತಿಗಿಂತ ಹತ್ತು ಪಟ್ಟು ಖಾರವಾದ ಮಾತು ಹೊಸ ಹುಡುಗರಿಂದ ಅವನಿಗೆ ಬಂತು.

ಈ ಕಥೆ ಹೇಳಿ ಅವನನ್ನು ಆಡಿಕೊಳ್ಳುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಹದಿನಾರಕ್ಕೆ ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ವರ್ಷದ ಕಥೆಗಳು ನಿಜಕ್ಕೂ ಸಪ್ಪೆ. ನನಗೆ ಕುತೂಹಲ ಇರುವುದು ಬೇರೆ ಕಡೆ. ಅಭಿಮಾನಿಗೆ ಸರಣಿಯ ಮೂಲೆ ಮೂಲೆ ಗೊತ್ತು. ಗೊತ್ತಿರುವುದರಿಂದಲೇ ಅವನ ಕೈ ಮೂಲೆಗಳ ಕಡೆಗೇ ಹೋಗುತ್ತದೆ: ಡಾಕ್ಟರನ ಊರು ಯಾವುದು, ಮೊದಲ ಮುಖ ಯಾವುದು, ಮೂವತ್ತು ವರ್ಷದ ಹಿಂದೆ ಬಿಟ್ಟುಹೋದ ಗಂಟು ಯಾವುದು. ಮೊದಲ ಬಾರಿಗೆ ನೋಡಲು ಕೂತ ಚಿಂಚಲಿಯ ಹುಡುಗಿಗೆ ಆ ಗಂಟಿನ ಗೊಡವೆ ಇಲ್ಲ. ಇವತ್ತಿನ ರಾಕ್ಷಸ ಯಾರು, ಹೇಗೆ ಪಾರಾಗುತ್ತಾರೆ, ಅಷ್ಟು ಸಾಕು. 1963ರಲ್ಲಿ ಸರಣಿ ಶುರು ಮಾಡಿದವರಲ್ಲಿ ಯಾರೂ ಅದರ ಅಭಿಮಾನಿಗಳಾಗಿರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ! ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ ಆಗ 27. ಮೊದಲ ಕಥೆ ನಿರ್ದೇಶಿಸಿದವ ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. ಯೋಜನೆ ಹಾಕಿದ ಕೆನಡಾದ ಸಿಡ್ನಿ ನ್ಯೂಮನ್, ದೊಡ್ಡ ಕಣ್ಣಿನ ವಿಚಿತ್ರ ಪ್ರಾಣಿಗಳು ಬೇಡವೇ ಬೇಡ, ಮಕ್ಕಳಿಗೆ ಇತಿಹಾಸ ವಿಜ್ಞಾನ ತಿಳಿಯಲಿ ಎಂದಿದ್ದ. ಎರಡನೆಯ ಕಥೆಯಲ್ಲೇ ಟೆರಿ ನೇಷನ್ ಡಾಲೆಕ್ ಎಂಬ ರಾಕ್ಷಸರನ್ನು ತಂದು ನಿಲ್ಲಿಸಿದ. ನ್ಯೂಮನ್ ಸಿಡಿಮಿಡಿಗೊಂಡ. ಬ್ರಿಟನ್ನಿನ ಮಕ್ಕಳು ಸೋಫಾದ ಹಿಂದೆ ಅಡಗಿ ಕೂತು ನೋಡಿದರು. ಸರಣಿ ಉಳಿದದ್ದೇ ಅದರಿಂದ. ಅಂದ ಮೇಲೆ ಮೂಲದವನ ಆಶಯ ಎಂಬುದನ್ನೂ ಕಣ್ಣಿಗೊತ್ತಿಕೊಂಡು ಕೂರಬೇಕಾಗಿಲ್ಲ.

ಕಾಗವಾಡದ ತಮ್ಮಾ, ಹೊಸ ನೆಲದಿಂದ ಹೊಸಬರು ಬರಲಿ ಎಂದೆಯಲ್ಲ, ನಿನ್ನ ಪರ ನಾನಿದ್ದೇನೆ, ಒಂದು ಕರಾರಿನ ಮೇಲೆ. ಚಿಬ್ನಲ್ ಮಾಡಿದ ಒಳ್ಳೆಯ ಕೆಲಸವನ್ನು ಮಂದಿ ಮರೆತುಬಿಡುತ್ತಾರೆ: ಹಿಂದೆ ಆ ಮನೆಯ ಹೊಸ್ತಿಲು ತುಳಿಯದವರಿಗೆ ಅವನು ಕಥೆ ಕೊಟ್ಟ. ಭಾರತೀಯ ಮೂಲದ ನಾಟಕಕಾರ ವಿನಯ್ ಪಟೇಲ್ ಬರೆದ 'ಡೀಮನ್ಸ್ ಆಫ್ ದ ಪಂಜಾಬ್' 2018ರ ನವೆಂಬರ್ 11ರಂದು ಬಂತು. 1947ರ ಆಗಸ್ಟ್. ಒಂದು ಹಿಂದೂ ಹುಡುಗ, ಒಂದು ಮುಸ್ಲಿಂ ಹುಡುಗಿ, ಮದುವೆಯ ತಯಾರಿ. ಅಷ್ಟರಲ್ಲಿ ಹೊಲದ ನಡುವೆ ದೇಶದ ಗಡಿ ಹಾದು ಹೋಗುತ್ತದೆ. ಆ ಕಥೆಯಲ್ಲಿ ರಾಕ್ಷಸರಂತೆ ಕಾಣುವವರು ರಾಕ್ಷಸರಲ್ಲ. ಕೊಲ್ಲುವುದು ಮನೆಯ ಮಗನೇ. ನಕಾಶೆಯ ಮೇಲೆ ಯಾರೋ ಎಳೆದ ಗೆರೆ ಮನೆತನಗಳ ನಡುವೆ ಹೇಗೆ ಬೀಳುತ್ತದೆ ಎಂದು ನಿಪ್ಪಾಣಿಯವರಿಗೂ ಕಾಗವಾಡದವರಿಗೂ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ರಕ್ತದ ಗೆರೆ ಆಗಲಿಲ್ಲ, ಪುಣ್ಯ. ಅಣ್ಣ ಕನ್ನಡ ಸಾಲಿಗೆ, ತಂಗಿ ಮರಾಠಿ ಸಾಲಿಗೆ, ದೇವರು ಮಾತ್ರ ಒಂದೇ, ಹಾಗೇ ನಡೆದಿದೆ.

ಕರಾರು ಏನೆಂದರೆ, ಹೊಸ ನೆಲದವ ಬಂದರೆ ಸಾಲದು, ಆ ನೆಲ ಕಥೆಯೊಳಗೆ ಬರಬೇಕು. ನಿಮ್ಮ ತಾಲ್ಲೂಕಿನ ಶೇಡಬಾಳದಲ್ಲಿ ಹುಟ್ಟಿದ ಮಿರ್ಜಿ ಅಣ್ಣಾರಾಯರು 'ನಿಸರ್ಗ' ಬರೆದಾಗ ಈ ಭಾಗದ ಒಕ್ಕಲುತನ, ಈ ಭಾಗದ ಮಾತು ಕನ್ನಡ ಕಾದಂಬರಿಯೊಳಗೆ ಕಾಲಿಟ್ಟವು. ಧಾರವಾಡದವರೂ ಮೈಸೂರಿನವರೂ ಅದನ್ನು ಓದಿದ್ದು, ಶೇಡಬಾಳದವನಿಗೆ ಒಂದು ಅವಕಾಶ ಕೊಡೋಣ ಎಂಬ ಕನಿಕರದಿಂದ ಅಲ್ಲ. ಪಟೇಲನ ಕಂತೂ ಹಾಗೆಯೇ ನಿಂತಿದೆ.

ಇನ್ನು ವಾದ ಮಾಡುವ ರೀತಿ. ಇದನ್ನು ನೀವು ಬೇರೆಯವರಿಂದ ಕಲಿಯಬೇಕಾದ್ದಿಲ್ಲ, ನಿಮ್ಮ ಮಣ್ಣಿನಲ್ಲೇ ಇದೆ. ಗೀಗಿ ಮೇಳದ ಹರದೇಶಿ, ನಾಗೇಶಿ ಕೇಳಿದ್ದೀರಾ? ಜಾತ್ರೆಯಲ್ಲಿ ಎದುರು ಬದುರು ಎರಡು ಮೇಳ. ಹರದೇಶಿಯವರು ಶಿವ ದೊಡ್ಡವ, ಗಂಡು ದೊಡ್ಡದು ಎನ್ನಬೇಕು. ನಾಗೇಶಿಯವರು ಶಕ್ತಿ ದೊಡ್ಡವಳು, ಹೆಣ್ಣು ದೊಡ್ಡದು ಎನ್ನಬೇಕು. ಡಪ್ಪು ಬಾರಿಸುತ್ತ, ತುಂತುಣಿ ಮೀಟುತ್ತ, ಸವಾಲಿಗೆ ಜವಾಬು, ಜವಾಬಿಗೆ ಮತ್ತೆ ಸವಾಲು, ಬೆಳತನಕ. ಗಡಿಯಾಚೆಯ ಮರಾಠಿಯಲ್ಲಿ ಇದನ್ನೇ ಕಲ್ಗಿ, ತುರಾ ಅನ್ನುತ್ತಾರೆ. ಎದುರಿನವರು ಪುರಾಣದ ಒಂದು ಪ್ರಸಂಗ ಎತ್ತಿದರೆ ಇವರು ಅದಕ್ಕೆ ಮಿಗಿಲಾದ ಇನ್ನೊಂದು ಪ್ರಸಂಗ ಎತ್ತಬೇಕು. 'ನಿನಗೇನ ತಿಳೀತದ' ಅಂದವನ ಹಾಡು ಅಲ್ಲಿಗೇ ಮುಗಿಯಿತು. ಮಂದಿ ನಗುತ್ತಾರೆ, ಅವನ ಮೇಳ ಸೋತ ಹಾಗೆ. ಎದುರಾಳಿಯ ಮಾತನ್ನು ಪೂರ್ತಿ ಕೇಳದೆ ಜವಾಬು ಕಟ್ಟಲಿಕ್ಕೆ ಬರುವುದಿಲ್ಲ, ಯಾಕೆಂದರೆ ಅವನ ಕೊನೆಯ ಸಾಲನ್ನೇ ಹಿಡಿದು ಇವನು ಎತ್ತಿಕೊಳ್ಳಬೇಕು. ಬೆಳಗಾದ ಮೇಲೆ ಇಬ್ಬರೂ ಒಂದೇ ಒಲೆಯ ಚಾ ಕುಡಿದು ಮುಂದಿನ ಜಾತ್ರೆಗೆ ಹೋಗುತ್ತಾರೆ.

ಹಾಗೆ ಜಗಳಾಡಿ. ಡೇವಿಸ್ ಬೇಕು ಅನ್ನುವವಳು ಅವನ ಹೆಸರು ಹೇಳಿ ಕೂರಬಾರದು. ಅವನು ಬರೆದ ಒಂದು ದೃಶ್ಯ ಎತ್ತಿ, ಇಲ್ಲಿ ಇಂಥ ಕೆಲಸ ಆಗಿದೆ, ಇದು ಬೇರೆ ಯಾರ ಕೈಯಲ್ಲಿ ಆದೀತು ಎಂದು ಕೇಳಲಿ. ಬೇಡ ಅನ್ನುವವ, ಡೇವಿಸ್ 2023ರಲ್ಲಿ ಮರಳಿ ಬಂದ ಮೇಲೆ ಬರೆದ ಒಂದು ಕಂತು ಹಿಡಿದು, ಇಲ್ಲಿ ಎಳೆ ಎಲ್ಲಿ ಬಿಟ್ಟುಹೋಯಿತು ತೋರಿಸಲಿ. ಆ ಬರಹಗಾರನ ಜಾತಿ, ಬಣ್ಣ, ಅವನು ಯಾರ ಜೊತೆ ಸಂಸಾರ ಮಾಡುತ್ತಾನೆ, ಇವು ನಿಮ್ಮ ಬಾಯಿಗೆ ಬರಬಾರದು. ಮೊನ್ನೆ ಬಂದವು. ಹೆಸರು ಹೇಳುವುದಿಲ್ಲ, ಬಂದವರಿಗೆ ಗೊತ್ತು.

ಇನ್ನೊಂದು ಸಣ್ಣ ಮಾತು. ಜಗಳಕ್ಕೆ ಕೂರುವ ಮುಂಚೆ ಹಳೆಯ ಕಥಾ ಸಂಪಾದಕರ ಕಾಲದ ನಾಲ್ಕಾರು ಕಂತು ನೋಡಿಕೊಂಡು ಬನ್ನಿ. ಎಪ್ಪತ್ತರ ದಶಕದಲ್ಲಿ ಟೆರೆನ್ಸ್ ಡಿಕ್ಸ್, ಅವನ ನಂತರ ರಾಬರ್ಟ್ ಹೋಮ್ಸ್ ಆ ಕುರ್ಚಿಯಲ್ಲಿ ಕೂತಿದ್ದರು. ಸೆಟ್ಟು ಅಲುಗಾಡುತ್ತದೆ, ರಬ್ಬರಿನ ಹಾವು ರಬ್ಬರಿನಂತೆಯೇ ಕಾಣುತ್ತದೆ, ನಿಮಗೆ ನಗು ಬರುತ್ತದೆ. ನಕ್ಕು ಮುಗಿಸಿ, ಮಾತಿಗೆ ಕಿವಿ ಕೊಡಿ. ಇಬ್ಬರು ಪಾತ್ರಗಳು ನಿಂತು ನಾಲ್ಕು ಮಾತಾಡುವುದರಲ್ಲಿ ಒಂದು ಗ್ರಹದ ಇತಿಹಾಸವೇ ಕಣ್ಣ ಮುಂದೆ ಬರುತ್ತದೆ. ರೊಕ್ಕ ಇಲ್ಲದವರು ಮಾತಿನಲ್ಲಿ ಕಟ್ಟಿದ ಲೋಕ ಅದು. ಆ ಕೆಲಸ ಗೊತ್ತಿದ್ದವ ಈಗ ಯಾರು ಎಂದು ಹುಡುಕಿದರೆ ನಿಮ್ಮ ಪಟ್ಟಿ ತಾನಾಗಿಯೇ ಬದಲಾಗುತ್ತದೆ.

ನಿಮ್ಮ ಓಟು ಯಾರಿಗೆ ಕಾಕಾ ಎಂದು ಕೇಳೇ ಕೇಳುತ್ತೀರಿ. ಸೂತ್ರ ಹಿಡಿಯುವ ಕೆಲಸಕ್ಕೆ ಹಿಂದೆ ಆ ಕುರ್ಚಿಯಲ್ಲಿ ಕೂತ ಯಾರೂ ಬೇಡ. ಬೇರೆ ಯಾವುದಾದರೂ ಧಾರಾವಾಹಿಯನ್ನು ಮೂರು ವರ್ಷ ಕೈಜಾರದಂತೆ ನಡೆಸಿ ತೋರಿಸಿದವಳು ಬರಲಿ. ಡಾಕ್ಟರನ ಅಭಿಮಾನಿ ಆಗಿರದಿದ್ದರೂ ಅಡ್ಡಿಯಿಲ್ಲ. ಬಿಡಿ ಕಥೆಗಳನ್ನು ಮಾತ್ರ ಪಟೇಲನಂಥವರಿಗೂ, ಹಸ್ತಪ್ರತಿ ಹಿಡಿದು ಬಾಗಿಲಲ್ಲಿ ನಿಂತ ಹದಿನೆಂಟರವರಿಗೂ ಹಂಚಲಿ. ಮೊಫಾಟನಿಂದ ಎರಡು ವರ್ಷಕ್ಕೊಂದು ಕಂತು ಇಸಿದುಕೊಳ್ಳಲಿ, ಅದಕ್ಕಿಂತ ಹೆಚ್ಚು ಬೇಡ. ನಿಪ್ಪಾಣಿಯ ತಂಗಿ ಇದನ್ನು ಒಪ್ಪುವುದಿಲ್ಲ, ನನಗೆ ಗೊತ್ತು. ಬರುವ ರವಿವಾರ ಡೇವಿಸನ ಒಂದು ದೃಶ್ಯ ಹಿಡಿದುಕೊಂಡು ಬಾ ತಂಗೀ, ನನ್ನ ಜವಾಬು ತಯಾರಿದೆ.